ಕೇಳಿ ಬಡಿದಲ್ಲಿಂದ ಕರಪತ್ರದವರೆಗೆ

ಯಕ್ಷಗಾನದ ಆಟ ಇರುವ ಊರಿನಲ್ಲಿ ಮುಚ್ಚಂಜೆಗೆ ಚೆಂಡೆ ಮದ್ದಳೆ ನುಡಿಸಿ ‘ಕೇಳಿ’ ಬಡಿಯುವುದು ಬಯಲಾಟದ ಹಳೆಯ ಕ್ರಮ. ಗದ್ದೆಬಯಲು ದಾಟಿ ಸದ್ದು ಎಲ್ಲಿಯವರೆಗೆ ಮುಟ್ಟಿತೋ ಅಲ್ಲಿಯವರೆಗಿನವರು ಊಟ ಮುಗಿಸಿ ಸೂಡಿಯ ಬೆಳಕು ಹಿಡಿದು ಹೊರಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ಪ್ರಚಾರ ಬೇಕಿರಲಿಲ್ಲ. ಏಕೆಂದರೆ ಹರಕೆ ಆಟದಲ್ಲಿ ಹಣ ಕೊಡುವವರು ಒಬ್ಬರು, ನೋಡುವವರು ಊರವರೆಲ್ಲ. ಮಂದಾರ್ತಿ ಮೇಳದ ಹರಕೆ ಆಟಗಳು ಇಂದಿಗೂ ಎಷ್ಟೋ ವರ್ಷ ಮೊದಲೇ ಬುಕ್ ಆಗಿರುತ್ತವೆ. ಜನ ಕಡಿಮೆ ಬಂದರೂ ಹರಕೆ ಸಂದಿತು, ಮೇಳದ ವೀಳ್ಯವೂ ಸಂದಿತು. ಅಲ್ಲಿಂದ ತುಸು ದೂರದ ಸಾಲಿಗ್ರಾಮದ ಹೆಸರು ಹೊತ್ತ ಡೇರೆ ಮೇಳದ ಲೆಕ್ಕವೇ ಬೇರೆ. ನೋಡುವವನೇ ಟಿಕೆಟ್ಟು ಕೊಳ್ಳಬೇಕಾದ ದಿನ ಯಕ್ಷಗಾನಕ್ಕೆ ಪ್ರಚಾರ ಎಂಬ ಕೆಲಸ ಹುಟ್ಟಿಕೊಂಡಿತು.

ಮೇಳವನ್ನು ವ್ಯಾಪಾರ ಎಂದರೆ ಕೆಲವರಿಗೆ ಇರಿಸುಮುರುಸು. ಆದರೆ ಡೇರೆ, ಲಾರಿ, ದೀಪ, ಕುರ್ಚಿ, ಕಲಾವಿದರ ಸಂಬಳ ಎಲ್ಲವನ್ನೂ ದೀಪಾವಳಿ ಕಳೆದಲ್ಲಿಂದ ಮಳೆ ಹಿಡಿಯುವ ತನಕ ದಿನದಿನವೂ ಸರಿದೂಗಿಸಬೇಕಾದ ಉದ್ಯಮ ಅದು. ಬಟ್ಟೆ ಅಂಗಡಿಯವನು ಇಂದು ಮಾರಿಹೋಗದ ಸೀರೆಯನ್ನು ನಾಳೆ ಮಾರಬಹುದು. ಇಂದು ರಾತ್ರಿ ಖಾಲಿ ಉಳಿದ ಕುರ್ಚಿಯನ್ನು ಯಾರಿಗೂ ನಾಳೆ ಮಾರಲಾಗದು. ಬೆಳಗಾದರೆ ಡೇರೆಯೇ ಆ ಊರಿನಲ್ಲಿರುವುದಿಲ್ಲ. ಹಾಗಾಗಿ ಇಲ್ಲಿ ಪ್ರಚಾರದ ಆಯುಸ್ಸು ಕೆಲವೇ ದಿನ, ಅದರ ಸೀಮೆ ಒಂದು ರಾತ್ರಿ ಹೋಗಿಬರುವಷ್ಟು ದಾರಿ. ಯಾವ ಕ್ಯಾಂಪು, ಅದೇ ರಾತ್ರಿ ಪಕ್ಕದೂರಿನಲ್ಲಿ ಪುಕ್ಕಟೆ ಹರಕೆ ಆಟವಿದೆಯೇ, ಭೂತಕೋಲ ಇದೆಯೇ ಎಂಬ ವಿಚಾರಣೆ ಮೊದಲು, ಮೈಕ್ ಕಟ್ಟಿದ ಜೀಪು ಆಮೇಲೆ. ಶಾಲೆಯ ಕಟ್ಟಡಕ್ಕೋ ಯುವಕ ಮಂಡಲಕ್ಕೋ ಸಹಾಯಾರ್ಥ ಆಟ ಇಟ್ಟುಕೊಂಡರಂತೂ ಟಿಕೆಟ್ಟು ಪುಸ್ತಕ ಹಿಡಿದು ಮನೆಗೆ ಬರುವವರು ಪರಿಚಯದ ಮುಖಗಳೇ. ಅವರಿಗೆ ಇಲ್ಲ ಎನ್ನುವುದು ಯಾವ ಗೋಡೆ ಪೋಸ್ಟರಿಗೆ ಬೆನ್ನು ಹಾಕುವುದಕ್ಕಿಂತಲೂ ಕಷ್ಟ.

ಆಟಕ್ಕೆ ಮೊದಲು ಮೇಳ ಹಂಚುವ ಕರಪತ್ರವನ್ನು ಒಮ್ಮೆ ಜಾಹೀರಾತಿನ ಕಣ್ಣಿಂದ ಓದಬೇಕು. ‘ಅಮೋಘ’, ‘ಅದ್ದೂರಿ’ಗಳು ಇದ್ದೇ ಇರುತ್ತವೆ, ಅವನ್ನು ಯಾರೂ ನಂಬುವುದಿಲ್ಲ. ಕಣ್ಣು ಇಳಿಯುವುದು ಹೆಸರುಗಳಿಗೆ: ಭಾಗವತರು ಯಾರು, ಚೆಂಡೆಗೆ ಯಾರು, ಸ್ತ್ರೀವೇಷ ಯಾರದ್ದು. ಸಾಲಿಗ್ರಾಮಕ್ಕೆ ತಾಗಿದ ಗುಂಡ್ಮಿಯ ಭಾಗವತ ಕಾಳಿಂಗ ನಾವಡರು ಸಾಲಿಗ್ರಾಮ ಮೇಳದಲ್ಲಿ ಹಾಡುತ್ತಿದ್ದಾಗ ಅವರ ಹೆಸರೊಂದೇ ಸಾಕಿತ್ತು. ಅವರೇ ಬರೆದ ‘ನಾಗಶ್ರೀ’ ಪ್ರಸಂಗ ಮನೆಮಾತಾಯಿತು. 1958ರಲ್ಲಿ ಹುಟ್ಟಿ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಅವರ ಪದ್ಯಗಳು ಕ್ಯಾಸೆಟ್ಟಿನಲ್ಲಿ ಎಲ್ಲೆಲ್ಲೂ ಕೇಳುತ್ತಿದ್ದವು. ಕ್ಯಾಸೆಟ್ಟು ಕೇಳಿದವನು ಡೇರೆಗೆ ಯಾಕೆ ಬಂದಾನು ಎಂದು ಅಂಜುವುದು ಸಹಜ; ಆದರೆ ರುಚಿ ಹತ್ತಿದ ಕಿವಿಗೆ ಎದುರು ಕೂತು ಕೇಳುವ ಆಸೆ ಹೆಚ್ಚುವುದೂ ಅಷ್ಟೇ ಸಹಜ. ಹೆಸರು ಹಾಕುವುದೆಂದರೆ ಮಾತು ಕೊಟ್ಟಂತೆ. ಹೆಸರಿದ್ದ ಕಲಾವಿದ ರಂಗಸ್ಥಳಕ್ಕೆ ಬರದಿದ್ದರೆ ಮರುವರ್ಷ ಅದೇ ಊರಿನಲ್ಲಿ ಕರಪತ್ರಕ್ಕೆ ಕಾಗದದ ಬೆಲೆಯೂ ಇಲ್ಲ.

ಆಕ್ಷೇಪವಿದೆ, ಹಗುರವಾದದ್ದೂ ಅಲ್ಲ. ಪ್ರಚಾರದ ಹಸಿವೇ ವರ್ಷಕ್ಕೊಂದು ಹೊಸ ಪ್ರಸಂಗ, ಸಿನಿಮಾ ಮಾದರಿಯ ಕಥೆ, ತಾರಾಮೌಲ್ಯಗಳನ್ನು ತಂದು ಪರಂಪರೆಯನ್ನು ಸಡಿಲಿಸಿತು ಎನ್ನುತ್ತಾರೆ. ಪಕ್ಕದ ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ‘ಯಕ್ಷಗಾನ ಬಯಲಾಟ’ಕ್ಕೆ 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು; ಕಲೆಯ ಶುದ್ಧಿಯ ಚಿಂತೆಗೆ ಈ ಸೀಮೆಯಲ್ಲಿ ಅಷ್ಟು ಗಟ್ಟಿ ಬೇರಿದೆ. ಅರ್ಧ ಒಪ್ಪಬೇಕಾದ ಮಾತೇ. ಉಳಿದರ್ಧದ ಹೊಣೆ ಟಿಕೆಟ್ಟಿನದು: ಕಳೆದ ವರ್ಷ ನೋಡಿದ್ದಕ್ಕೆ ಮತ್ತೆ ಕಾಸು ಬಿಚ್ಚುವವರು ಕಡಿಮೆ, ಕರಪತ್ರ ಅದನ್ನು ಮುದ್ರಿಸಿತು, ಅಷ್ಟೇ. ಇನ್ನು, ಮೊಬೈಲಿದ್ದ ಮೇಲೆ ಈ ಸೀಮೆಯ ಲೆಕ್ಕ ಏಕೆ ಎಂದೂ ಕೇಳಬಹುದು. ವಾಟ್ಸಾಪಿನ ಪೋಸ್ಟರು ಕ್ಷಣದಲ್ಲಿ ಬೆಂಗಳೂರು, ದುಬೈ ಮುಟ್ಟುತ್ತದೆ ನಿಜ. ಅಲ್ಲಿಯವರು ಹೆಬ್ಬೆರಳೆತ್ತುತ್ತಾರೆ, ಊರು ನೆನೆಯುತ್ತಾರೆ. ಇಂದು ರಾತ್ರಿ ಡೇರೆಯ ಗೇಟಿನಲ್ಲಿ ನಿಲ್ಲಬೇಕಾದವರು ಮಾತ್ರ ಸುತ್ತಲಿನ ಪಾರಂಪಳ್ಳಿ, ಕಾರ್ಕಡ, ಕೋಟದವರು.