ಹಳೆಯ ಬೆಳ್ಳಿ ರೂಪಾಯಿಯ ಬಣ್ಣದ ಗುಟ್ಟು: ತೊಳೆದರೆ ಹೋಗುವುದು ಕೊಳೆಯಲ್ಲ, ಬೆಳ್ಳಿ

ಮುಂಬಯಿ: ದೀಪಾವಳಿಯ ಲಕ್ಷ್ಮೀಪೂಜೆ ಹತ್ತಿರ ಬಂತೆಂದರೆ ಮಹಾನಗರದ ಕನ್ನಡಿಗರ ಎಷ್ಟೋ ಮನೆ, ಅಂಗಡಿ, ಹೊಟೇಲುಗಳಲ್ಲಿ ಕಪಾಟಿನ ಮೂಲೆಯ ಗಂಟು ಬಿಚ್ಚಿಕೊಳ್ಳುತ್ತದೆ. ಊರಿನಿಂದ ಅಜ್ಜಿ ಕೊಟ್ಟು ಕಳುಹಿಸಿದ ರಾಣಿ ಛಾಪಿನ, ರಾಜನ ಛಾಪಿನ ಬೆಳ್ಳಿ ರೂಪಾಯಿಗಳು ಹೊರಬರುತ್ತವೆ. ಅವುಗಳಲ್ಲಿ ಒಂದೆರಡಕ್ಕೆ ಅಂಚಿನಲ್ಲಿ ನೀಲಿ, ಅದರ ಒಳಗೆ ನೇರಳೆ, ನಡುವಿನತ್ತ ಹೊಂಬಣ್ಣ ಏರಿರುತ್ತದೆ. 'ಕರೆ ಹಿಡಿದಿದೆ' ಎಂದು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುವುದು ವಾಡಿಕೆ. ಐದು ನಿಮಿಷದಲ್ಲಿ ನಾಣ್ಯ ಥಳಥಳಿಸುತ್ತದೆ. ಆದರೆ ಹತ್ತಾರು ವರ್ಷ ತೆಗೆದುಕೊಂಡು ಮೂಡಿದ ಬಣ್ಣವೂ, ಜೊತೆಗೆ ಅದರ ಸಂಗ್ರಹ ಮೌಲ್ಯವೂ ಅಷ್ಟರಲ್ಲಿ ಹೊರಟುಹೋಗಿರುತ್ತದೆ.

ಈ ಬಣ್ಣಕ್ಕೆ ನಾಣ್ಯ ಸಂಗ್ರಾಹಕರು 'ಟೋನಿಂಗ್' ಎನ್ನುತ್ತಾರೆ. ಸಹಜವಾಗಿ ಬಣ್ಣವೇರಿದ ನಾಣ್ಯಗಳನ್ನಷ್ಟೇ ಹುಡುಕಿ ಕೂಡಿಡುವ ಹವ್ಯಾಸಿಗಳು ಜಗತ್ತಿನಾದ್ಯಂತ ಇದ್ದಾರೆ.

ಗಂಧಕದ ಕೈವಾಡ

ಬ್ರಿಟಿಷರ ಕಾಲದ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ, ಉಳಿದದ್ದು ತಾಮ್ರ. 1940ರಲ್ಲಿ ಬೆಳ್ಳಿಯ ಪ್ರಮಾಣ ಅರ್ಧಕ್ಕೆ ಇಳಿಯಿತು; 1947ರಲ್ಲಿ ನಿಕ್ಕಲ್ ರೂಪಾಯಿ ಬಂತು.

ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಅನಿಲ ತೇವದ ಜೊತೆ ಸೇರಿ ಬೆಳ್ಳಿಗೆ ತಗಲಿದಾಗ ಸಿಲ್ವರ್ ಸಲ್ಫೈಡ್ ಎಂಬ ತೆಳುವಾದ ಪದರ ಹುಟ್ಟುತ್ತದೆ. ಮೊಟ್ಟೆ ತಿಂದ ಬೆಳ್ಳಿ ಚಮಚ ಕಪ್ಪಾಗುವುದೂ ಇದೇ ಕಾರಣಕ್ಕೆ. ಈ ವಸ್ತು ಸ್ವತಃ ಕಪ್ಪು. ಹಾಗಾದರೆ ನೀಲಿ, ನೇರಳೆ ಎಲ್ಲಿಂದ ಬಂತು? ಮಳೆಗಾಲದಲ್ಲಿ ರಸ್ತೆಯ ನೀರಿನ ಮೇಲೆ ಪೆಟ್ರೋಲ್ ಹನಿ ಬಿದ್ದಾಗ ಕಾಣುವ ಕಾಮನಬಿಲ್ಲಿನಲ್ಲಿ ಇದರ ಉತ್ತರವಿದೆ. ಬೆಳಕಿನ ಒಂದು ಪಾಲು ಪದರದ ಮೇಲ್ಮೈಯಿಂದ, ಇನ್ನೊಂದು ಪಾಲು ಕೆಳಗಿನ ಲೋಹದಿಂದ ಹಿಂದಿರುಗುತ್ತದೆ. ಎರಡೂ ಸೇರುವಾಗ ಕೆಲವು ಬಣ್ಣಗಳು ಅಳಿಸಿಹೋಗಿ ಉಳಿದವು ಕಣ್ಣಿಗೆ ಬೀಳುತ್ತವೆ.

ಪದರ ದಪ್ಪವಾದಂತೆ ಬಣ್ಣ ಬದಲಾಗುತ್ತದೆ. ಮೊದಲು ತಿಳಿ ಹಳದಿ, ಬಳಿಕ ಹೊಂಬಣ್ಣ, ಕೆಂಗಂದು, ನೇರಳೆ, ನೀಲಿ. ಈ ಮೊದಲ ಸುತ್ತಿನ ಪದರ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ತೆಳು. ಇನ್ನೂ ಬೆಳೆದರೆ ಹಳದಿ, ಗುಲಾಬಿ, ಹಸಿರು ಕಾಣಿಸಿಕೊಂಡು ಕೊನೆಗೆ ಎಲ್ಲವೂ ಕಪ್ಪಾಗುತ್ತದೆ. ಗಮನಿಸಬೇಕಾದ ಮುಖ್ಯ ಸಂಗತಿಯೆಂದರೆ, ಈ ಪದರ ಹೊರಗಿನಿಂದ ಮೆತ್ತಿದ ಕೊಳೆಯಲ್ಲ. ನಾಣ್ಯದ ಬೆಳ್ಳಿಯೇ ರೂಪಾಂತರಗೊಂಡದ್ದು. ತಿಕ್ಕಿದಾಗಲೆಲ್ಲ ಅಷ್ಟು ಬೆಳ್ಳಿ ನೀರಿಗೆ ಹೋಗುತ್ತದೆ, ಬೂದಿಯ ಕಣಗಳು ಸಣ್ಣ ಗೀರು ಉಳಿಸುತ್ತವೆ.

ಚೀಲದಲ್ಲಿ ಅರಳಿದ ಡಾಲರ್

ಅಮೆರಿಕದ ಮಾರ್ಗನ್ ಡಾಲರ್ ಇದಕ್ಕೆ ಪ್ರಸಿದ್ಧ ಉದಾಹರಣೆ. 1878ರಿಂದ 1904ರವರೆಗೆ ಹಾಗೂ 1921ರಲ್ಲಿ ಟಂಕಿಸಲಾದ ಈ ಬೆಳ್ಳಿ ಡಾಲರುಗಳು ಸಾವಿರಕ್ಕೊಂದು ಚೀಲದಂತೆ ಸರಕಾರಿ ಖಜಾನೆಯಲ್ಲಿ ದಶಕಗಳ ಕಾಲ ಬಿದ್ದಿದ್ದವು. 1960ರ ದಶಕದ ಆರಂಭದಲ್ಲಿ ಅವು ಭಾರೀ ಸಂಖ್ಯೆಯಲ್ಲಿ ಹೊರಬಂದಾಗ, ಚೀಲದ ಬಟ್ಟೆಗೆ ತಾಗಿಕೊಂಡಿದ್ದ ನಾಣ್ಯಗಳ ಒಂದು ಮಗ್ಗುಲು ಕಾಮನಬಿಲ್ಲಾಗಿತ್ತು. ಪಕ್ಕದ ನಾಣ್ಯ ಮುಚ್ಚಿದ್ದ ಭಾಗ ಮಾತ್ರ ಬೆಳ್ಳಗೆ, ಬಣ್ಣ ಚಂದ್ರನ ಕಲೆಯಂತೆ ಬಾಗಿ ನಿಂತಿತ್ತು. ಒಳ್ಳೆಯ ಬಣ್ಣದ ಇಂತಹ ಡಾಲರುಗಳು ಹರಾಜಿನಲ್ಲಿ ಅದೇ ವರ್ಷದ ಬಿಳಿ ಡಾಲರಿಗಿಂತ ಹಲವು ಪಟ್ಟು ಬೆಲೆಗೆ ಹೋಗುತ್ತವೆ.

ಅಸಲಿ, ನಕಲಿ

ಬೆಲೆ ಇದ್ದಲ್ಲಿ ಮೋಸವೂ ಇದ್ದೇ ಇರುತ್ತದೆ. ಗಂಧಕದ ದ್ರಾವಣದಲ್ಲಿ ಅದ್ದಿ, ಬಿಸಿ ಮಾಡಿ ಒಂದೇ ದಿನದಲ್ಲಿ ಬಣ್ಣ ಬರಿಸುವವರಿದ್ದಾರೆ. ಸಹಜ ಬಣ್ಣ ಹಳದಿಯಿಂದ ನೀಲಿಯವರೆಗೆ ಕ್ರಮ ತಪ್ಪದೆ, ಒಂದರೊಳಗೊಂದು ಕರಗುತ್ತಾ ಹೋಗುತ್ತದೆ. ನಾಣ್ಯವನ್ನು ವಾಲಿಸಿದರೆ ಬಣ್ಣದ ಅಡಿಯಲ್ಲಿ ಮೂಲ ಹೊಳಪು ಓಡಾಡುತ್ತದೆ. ಹಳದಿಯ ಸುಳಿವೇ ಇಲ್ಲದೆ ದಿಢೀರನೆ ನೀಲಿ, ನೇರಳೆ ಎದ್ದು ಕಂಡರೆ ಅಥವಾ ತೀರಾ ಸವೆದ ನಾಣ್ಯದ ಮೇಲೆ ಗಾಢ ಕಾಮನಬಿಲ್ಲು ಕಂಡರೆ ಖರೀದಿಗೆ ಮುನ್ನ ಯೋಚಿಸುವುದೊಳಿತು. ನಾಣ್ಯಗಳಿಗೆ ದರ್ಜೆ ನೀಡುವ ಅಂತಾರಾಷ್ಟ್ರೀಯ ಸಂಸ್ಥೆಗಳು ಅನುಮಾನದ ಬಣ್ಣವಿದ್ದರೆ ಸಾಮಾನ್ಯ ದರ್ಜೆಯನ್ನೇ ಕೊಡುವುದಿಲ್ಲ.

ಜೋಪಾನ ಹೇಗೆ?

ಹಾಗೆಂದು ಎಲ್ಲ ಕಲೆಯೂ ಚೆಲುವಲ್ಲ. ತಾಮ್ರದ ಹಸಿರು ಕಿಲುಬು, ಪಿವಿಸಿ ಪ್ಲಾಸ್ಟಿಕ್ ಲಕೋಟೆಯಿಂದ ಅಂಟುವ ಹಸಿರು ಜಿಡ್ಡು ನಾಣ್ಯವನ್ನು ತಿನ್ನುತ್ತವೆ. ಇವನ್ನು ಬಲ್ಲವರಿಂದಲೇ ತೆಗೆಸಬೇಕು. ರಬ್ಬರ್ ಬ್ಯಾಂಡಿನಲ್ಲಿ ಗಂಧಕವಿರುವುದರಿಂದ ಅದು ಕಪ್ಪು ಪಟ್ಟೆ ಬಿಡುತ್ತದೆ. ಮುಂಬಯಿಯ ಮಳೆಗಾಲದ ತೇವ, ಕಡಲ ಗಾಳಿಯ ಉಪ್ಪು ಎರಡೂ ಬೆಳ್ಳಿಗೆ ಆಗಿಬರುವುದಿಲ್ಲ. ನಾಣ್ಯವನ್ನು ಅಂಚಿನಲ್ಲಿ ಹಿಡಿದು, ಪಿವಿಸಿ ಇಲ್ಲದ ಲಕೋಟೆಯಲ್ಲಿಟ್ಟು, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಕು.

ಮನೆಯಲ್ಲಿರುವ ಸವೆದ ರೂಪಾಯಿಗೆಲ್ಲ ಬಣ್ಣದಿಂದಾಗಿ ಲಕ್ಷಗಟ್ಟಲೆ ಬೆಲೆ ಬರುತ್ತದೆ ಎಂದಲ್ಲ. ಆದರೆ ತಿಕ್ಕಿದ ನಾಣ್ಯವನ್ನು ಸಂಗ್ರಾಹಕರು ಹೆಚ್ಚಾಗಿ ಬೆಳ್ಳಿಯ ತೂಕಕ್ಕಷ್ಟೇ ಕೇಳುತ್ತಾರೆ ಎಂಬುದು ನಿಜ. ಪೂಜೆಯ ಅರಸಿನ, ಕುಂಕುಮ, ಅಭಿಷೇಕಕ್ಕೆ ಹೊಸ ಬೆಳ್ಳಿ ನಾಣ್ಯವೊಂದಿರಲಿ, ಹಳೆಯದು ಪಕ್ಕದಲ್ಲಿ ಕುಳಿತಿರಲಿ.

ಐದನೇ ಜಾರ್ಜ್ ದೊರೆಯ ರೂಪಾಯಿಯ ಹಿಂಬದಿಯಲ್ಲಿ, ಕೆಳಗಿನ ಕಮಲದ ಬಳಿ ಸಣ್ಣದೊಂದು ಚುಕ್ಕಿ ಇದ್ದರೆ ಅದು ಮುಂಬಯಿಯ ಕೋಟೆ ಪ್ರದೇಶದ ಟಂಕಸಾಲೆಯದು. ಇಲ್ಲಿಂದ ಊರಿಗೆ ಹೋಗಿ, ಅಜ್ಜಿಯ ಪೆಟ್ಟಿಗೆಯಲ್ಲಿ ಬಣ್ಣ ತಳೆದು, ಮೊಮ್ಮಕ್ಕಳ ಜೊತೆ ಮತ್ತೆ ಇಲ್ಲಿಗೇ ಬಂದ ನಾಣ್ಯ ಅದು. ಈ ದೀಪಾವಳಿಗೆ ಹುಣಸೆಹಣ್ಣು ಹಚ್ಚುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡುವಂತಾಗಲಿ.