ಮರಳಿ ಕುದುರೆಯ ಬೆನ್ನಿಗೆ

ಕುದುರೆಯ ಮೇಲಿಂದ ಬಿದ್ದವನು ಒಡನೆಯೇ ಎದ್ದು ಮತ್ತೆ ಹತ್ತಬೇಕು ಎಂಬುದು ಸವಾರಿಯ ಗಂಧವೇ ಇಲ್ಲದವರೂ ಧಾರಾಳವಾಗಿ ಕೊಡುವ ಉಪದೇಶ. ನನಗೂ ಹಲವರು ಕೊಟ್ಟರು. ಆಗ ನಾನು ಬಲಗೈಯನ್ನು ಬಟ್ಟೆಯ ಜೋಲಿಯಲ್ಲಿ ಕಟ್ಟಿಕೊಂಡು ಮನೆಯ ಜಗಲಿಯಲ್ಲಿ ಕುಳಿತಿದ್ದೆ. ಉಪದೇಶ ಮಾಡಿದವರಲ್ಲಿ ಒಬ್ಬರಾದರೂ ಟಾಂಗಾ ಕುದುರೆಯನ್ನು ಬಿಟ್ಟು ಬೇರೆ ಕುದುರೆಯ ಬಳಿ ಸುಳಿದವರಲ್ಲ.

ಈ ಹೊತ್ತು ನಾನು ಹೇಳಹೊರಟಿರುವುದು ಬೀಳುವ ವಿಷಯವನ್ನಲ್ಲ. ಬೀಳುವುದು ಕ್ಷಣಮಾತ್ರದ ಕೆಲಸ. ಅದಕ್ಕೆ ಅಭ್ಯಾಸವೂ ಬೇಡ. ಬಿದ್ದ ಮೇಲೆ ಮೈಯೊಳಗೆ ಬಂದು ನೆಲಸುವ ಅಂಜಿಕೆ ಎಂಥದು, ಬುದ್ಧಿ ಹೇಳಿದರೆ ಅದು ಏಕೆ ಕೇಳುವುದಿಲ್ಲ, ಅದನ್ನು ಹೊರಗೆ ಕಳಿಸುವ ದಾರಿ ಯಾವುದು ಎಂಬಷ್ಟನ್ನು ನನ್ನ ಅನುಭವದಿಂದಲೂ ಒಂದಿಷ್ಟು ಓದಿನಿಂದಲೂ ಹೇಳಬಯಸುತ್ತೇನೆ.

ನಾನು ವೃತ್ತಿಯಿಂದ ಕನ್ನಡ ಮೇಷ್ಟ್ರು. ಅಮರಕೋಶ ಹೇಳುವ ಕುದುರೆಯ ಐದು ಗತಿಗಳು, ಆಸ್ಕಂದಿತ, ಧೌರಿತಕ, ರೇಚಿತ, ವಲ್ಗಿತ, ಪ್ಲುತ, ನನಗೆ ಬಾಲ್ಯದಿಂದಲೂ ಬಾಯಿಪಾಠ. ಐವತ್ತು ವರ್ಷ ತುಂಬುವವರೆಗೆ ಅವುಗಳಲ್ಲಿ ಒಂದನ್ನೂ ಮೈಯಿಂದ ಅರಿತವನಲ್ಲ. ಮೈಸೂರಿನಲ್ಲಿ ಬೆಳೆದ ಹುಡುಗರಿಗೆ ದಸರೆಯ ಮೆರವಣಿಗೆಯಲ್ಲಿ ಆನೆಯ ಮೇಲೆ ಕಣ್ಣು. ನನಗೆ ಮಾತ್ರ ಅಶ್ವದಳದ ಮೇಲೆ. ಆ ಹಳೆಯ ಆಸೆಯನ್ನು ತೀರಿಸಿಕೊಳ್ಳಲು ಸವಾರಿ ಕಲಿಸುವ ಒಂದು ಚಿಕ್ಕ ಶಾಲೆಗೆ ಸೇರಿದೆ. ಅಲ್ಲಿ ನಮ್ಮ ಗುರುಗಳು 61ನೆಯ ಕ್ಯಾವಲ್ರಿಯಿಂದ ನಿವೃತ್ತರಾಗಿ ಬಂದ ದಫೇದಾರರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣದ ಮೇಲೆ ಜೋಧಪುರದವರೊಡನೆ ಏರಿಹೋದ ಮೈಸೂರು ಲ್ಯಾನ್ಸರ್ಸ್ ದಳವೇ 1953ರಲ್ಲಿ ಇತರ ಸಂಸ್ಥಾನಗಳ ಅಶ್ವದಳಗಳೊಡನೆ ಕೂಡಿ ಆ ರೆಜಿಮೆಂಟ್ ಆಯಿತಷ್ಟೆ. ಆದ್ದರಿಂದ ದಫೇದಾರರನ್ನು ನಾನು ನಮ್ಮೂರಿನ ಪರಂಪರೆಯ ಕೊಂಡಿಯೆಂದು ಗೌರವಿಸುತ್ತಿದ್ದೆ. ಅವರಿಗೆ ಈ ಇತಿಹಾಸದಲ್ಲಿ ಅಂಥ ಆಸಕ್ತಿಯೇನೂ ಇರಲಿಲ್ಲ. ಕುದುರೆಯ ಗೊರಸು ಶುಚಿಯಾಗಿದೆಯೇ, ಹುರುಳಿ ನೆನೆದಿದೆಯೇ ಎಂಬುದೇ ಅವರ ಚಿಂತೆ.

ಎರಡು ವರ್ಷ ಎಲ್ಲವೂ ಚೆನ್ನಾಗಿ ಸಾಗಿತು. 2016ರ ಡಿಸೆಂಬರಿನ ಒಂದು ಮುಂಜಾನೆ ಅಂಗಳದ ಈಶಾನ್ಯದ ಮೂಲೆಯಲ್ಲಿ ಹುಲ್ಲಿನ ಬಣವೆಗೆ ಹೊದಿಸಿದ್ದ ನೀಲಿ ಟಾರ್ಪಾಲು ಗಾಳಿಗೆ ಪಟಪಟನೆ ಬಡಿಯಿತು. ನಾನೇರಿದ್ದ ಕಂದು ಕುದುರೆ ಒಂದೇ ನೆಗೆತಕ್ಕೆ ಎಡಕ್ಕೆ ಸರಿಯಿತು. ನಾನು ಇದ್ದಲ್ಲಿಯೇ ಉಳಿದೆ. ಕೆಳಗೆ ಕುದುರೆ ಇರಲಿಲ್ಲ. ಬಲ ಹೆಗಲು ನೆಲಕ್ಕೆ ಬಡಿದು ಕೊರಳೆಲುಬು ಮುರಿಯಿತು. ತಲೆಗೂ ಪೆಟ್ಟು ಬಿತ್ತು; ಹೆಲ್ಮೆಟ್ಟು ತಾನು ಸೀಳಿ ನನ್ನನ್ನು ಉಳಿಸಿತು.

ಎಲುಬು ಎರಡು ತಿಂಗಳಲ್ಲಿ ಕೂಡಿಕೊಂಡಿತು. ಡಾಕ್ಟರು ಸವಾರಿಗೂ ಅನುಮತಿ ಕೊಟ್ಟರು. ನಾನು ಹೋಗಲಿಲ್ಲ. ಪರೀಕ್ಷೆಯ ಉತ್ತರಪತ್ರಿಕೆಗಳಿವೆ ಎಂದೆ. ಆಮೇಲೆ ಬಿಸಿಲು ಹೆಚ್ಚು ಎಂದೆ. ಆಮೇಲೆ ಮಳೆ ಎಂದೆ. ಪಂಚಾಂಗದ ಆರೂ ಋತುಗಳಲ್ಲಿ ಒಂದೊಂದು ನೆವ ಸಿಕ್ಕಿತು. ನಿಜವೇನೆಂದರೆ, ಒಮ್ಮೆ ಲಾಯದ ಬಾಗಿಲವರೆಗೆ ಹೋಗಿದ್ದೆ. ಆ ಕುದುರೆ ನನ್ನನ್ನು ಗುರುತಿಸಿ ಕಿವಿ ನಿಮಿರಿಸಿತು. ನನ್ನ ಅಂಗೈ ಬೆವರಿತು, ಬಾಯಿ ಒಣಗಿತು. ಯಾರೋ ಕರೆದಂತೆ ನಟಿಸಿ ಹಿಂದಿರುಗಿದೆ. ಈ ಸಂಗತಿಯನ್ನು ಮನೆಯಲ್ಲಿಯೂ ಹೇಳಲಿಲ್ಲ.

ಹಗ್ಗವನ್ನು ಹಾವೆಂದು ಭ್ರಮಿಸಿದವನ ದೃಷ್ಟಾಂತ ನಮಗೆಲ್ಲ ತಿಳಿದದ್ದೇ. ದೀಪ ತಂದೊಡನೆ ಹಾವು ಮಾಯವಾಗುತ್ತದೆ, ಭಯವೂ ಮಾಯವಾಗುತ್ತದೆ ಎನ್ನುತ್ತದೆ ವೇದಾಂತ. ನನ್ನ ಬಳಿ ದೀಪಕ್ಕೇನೂ ಕೊರತೆಯಿರಲಿಲ್ಲ. ಕುದುರೆ ಸೌಮ್ಯ ಸ್ವಭಾವದ್ದೆಂದು ಗೊತ್ತು, ಟಾರ್ಪಾಲನ್ನು ತೆಗೆದಿದ್ದಾರೆಂದು ಗೊತ್ತು. ಆದರೂ ಹಾವು ಹೋಗಲಿಲ್ಲ. ಏಕೆಂದರೆ ಈ ಬಗೆಯ ಭಯ ತಪ್ಪು ತಿಳಿವಳಿಕೆಯಲ್ಲ; ಅದೊಂದು ಕಲಿಕೆ. ರಷ್ಯದ ಪಾವ್ಲೋವ್ ತನ್ನ ನಾಯಿಗಳಲ್ಲಿ ತೋರಿಸಿದ್ದೂ ಇದನ್ನೇ: ಎರಡು ಸಂಗತಿಗಳು ಒಟ್ಟಿಗೆ ಬಂದರೆ ದೇಹ ಅವನ್ನು ಗಂಟುಹಾಕಿಬಿಡುತ್ತದೆ. ಅಲ್ಲಿ ಗಂಟು ಬೀಳಲು ಹಲವು ಸಲದ ಪಾಠ ಬೇಕಾಯಿತು. ನೋವಿನ ಪಾಠವಾದರೆ ಒಂದೇ ಸಲ ಸಾಕು. ಜೀನಿನ ಚರ್ಮದ ವಾಸನೆ, ಲಗಾಮಿನ ಸದ್ದು, ಬೆಳಗಿನ ಚಳಿ ಇವೆಲ್ಲ ನನ್ನ ಮೈಯಲ್ಲಿ ಕೊರಳೆಲುಬಿನ ನೋವಿನೊಡನೆ ಗಂಟುಬಿದ್ದಿದ್ದವು.

ಇದಕ್ಕಿಂತ ಕುಟಿಲವಾದುದು ಇನ್ನೊಂದಿದೆ. ಲಾಯದ ಬಾಗಿಲಿಂದ ನಾನು ತಿರುಗಿ ಬಂದಾಗ ಏನಾಯಿತು? ಎದೆಬಡಿತ ಇಳಿಯಿತು, ಹಾಯೆನಿಸಿತು. ಆ ಹಾಯೆನಿಸಿದ್ದೇ ಭಯಕ್ಕೆ ಕೊಟ್ಟ ಬಹುಮಾನ. ತಪ್ಪಿಸಿಕೊಂಡರೆ ಸುಖವುಂಟು ಎಂದು ದೇಹ ಕಲಿಯಿತು. ಮುಂದಿನ ಸಲ ಇನ್ನೂ ದೂರದಿಂದಲೇ ತಪ್ಪಿಸಿಕೊಂಡಿತು. ಹೀಗೆ ಮೊದಲು ಕುದುರೆಗೆ ಅಂಜಿದವನು ಆಮೇಲೆ ಲಾಯಕ್ಕೆ, ಆಮೇಲೆ ಆ ರಸ್ತೆಗೆ ಅಂಜಿದೆ. ಬಸ್ಸಿಳಿಯುವ ನಿಲ್ದಾಣವನ್ನೇ ಬದಲಾಯಿಸಿದ್ದೆನೆಂದರೆ ನೀವು ನಗಬಹುದು.

ಒಡನೆಯೇ ಮತ್ತೆ ಹತ್ತು ಎಂಬ ಉಪದೇಶದಲ್ಲಿ ಇರುವ ಸತ್ಯಾಂಶ ಇದೇ. ಭಯಕ್ಕೆ ಬಹುಮಾನ ಸಿಗುವ ಮುನ್ನವೇ ಅದನ್ನು ಎದುರಿಸಬೇಕು ಎಂಬುದು ಅದರ ತಿರುಳು. ಆದರೆ ತಲೆಗೆ ಪೆಟ್ಟು ಬಿದ್ದವನನ್ನು ಒಡನೆಯೇ ಹತ್ತಿಸುವುದು ಅಪಾಯ. ಮಿದುಳು ಅಲುಗಿದೆಯೋ ಇಲ್ಲವೋ ಎಂಬುದು ಬಿದ್ದವನಿಗೇ ತಿಳಿಯುವುದಿಲ್ಲ. ತನಗೇನೂ ಆಗಿಲ್ಲವೆಂದು ಹೇಳುವವನ ಮಾತನ್ನು ಅಂಥ ಹೊತ್ತಿನಲ್ಲಿ ನಂಬಲಾಗದು. ಪೆಟ್ಟು ತಿಂದ ಹೆಲ್ಮೆಟ್ಟು ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಮೆತ್ತೆ ಜಜ್ಜಿರುತ್ತದೆ, ಇನ್ನೊಮ್ಮೆ ಕಾಯುವುದಿಲ್ಲ, ಅದನ್ನು ಬದಲಿಸಲೇಬೇಕು. ಇನ್ನು, ಗಡಗಡ ನಡುಗುವವನನ್ನು ಬಲವಂತವಾಗಿ ಕೂರಿಸಿ ಅವನು ಎರಡನೆಯ ಸಲ ಬಿದ್ದನೆಂದರೆ ಗಂಟು ಎರಡಾಗುತ್ತದೆ.

ಅಂಜಿದ ಸವಾರ ಏನು ಮಾಡುತ್ತಾನೆಂಬುದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮನುಷ್ಯ ಭಯಗೊಂಡರೆ ಮುದುಡುತ್ತಾನೆ. ಸವಾರ ಮುಂದಕ್ಕೆ ಬಾಗುತ್ತಾನೆ, ಮೊಣಕಾಲಿನಿಂದ ಬಿಗಿಯಾಗಿ ಹಿಡಿಯುತ್ತಾನೆ, ಹಿಮ್ಮಡಿ ಮೇಲೇರುತ್ತದೆ, ಉಸಿರು ನಿಲ್ಲುತ್ತದೆ, ಕೈ ಲಗಾಮನ್ನು ಎಳೆಯುತ್ತದೆ. ಹೀಗೆ ಕುಳಿತವನ ಭಾರ ಮೇಲಕ್ಕೂ ಮುಂದಕ್ಕೂ ಸರಿದು, ಬೀಳುವುದು ಇನ್ನಷ್ಟು ಸುಲಭವಾಗುತ್ತದೆ. ಕುದುರೆಯ ಪಾಡನ್ನೂ ಯೋಚಿಸಿ. ಕಾಲಿನ ಒತ್ತು ಅದಕ್ಕೆ ‘ಹೊರಡು’ ಎಂಬ ಅಪ್ಪಣೆ. ಲಗಾಮಿನ ಎಳೆತ ‘ನಿಲ್ಲು’ ಎಂಬ ಅಪ್ಪಣೆ. ಎರಡೂ ಒಮ್ಮೆಗೇ ಬಂದರೆ ಬಡಪ್ರಾಣಿ ಏನು ಮಾಡಬೇಕು?

ಕುದುರೆ ಮೂಲತಃ ಬೇಟೆಗೆ ಸಿಕ್ಕುವ ಪ್ರಾಣಿ, ಬೇಟೆಯಾಡುವ ಪ್ರಾಣಿಯಲ್ಲ. ತಲೆಯ ಎರಡು ಪಕ್ಕಗಳಲ್ಲಿರುವ ಕಣ್ಣುಗಳಿಂದ ಅದು ಸುತ್ತಲೂ ಹೆಚ್ಚುಕಡಮೆ 350 ಡಿಗ್ರಿಯಷ್ಟನ್ನು ಕಾಣುತ್ತದೆ. ಹಣೆಯ ನೇರ ಮುಂದೆ, ಬಾಲದ ನೇರ ಹಿಂದೆ ಮಾತ್ರ ಕುರುಡು. ಓಡು, ಆಮೇಲೆ ವಿಚಾರಿಸು ಎಂಬುದು ಅದರ ಧರ್ಮ. ಹಿಂಡಿನಲ್ಲಿ ಒಂದು ಬೆದರಿದರೆ ಎಲ್ಲವೂ ಬೆದರುತ್ತವೆ. ಬೆನ್ನ ಮೇಲಿನ ಸವಾರನೂ ಅದಕ್ಕೆ ಹಿಂಡಿನ ಒಬ್ಬ ಸದಸ್ಯ. 2009ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಒಂದು ಪ್ರಯೋಗ ಸೊಗಸಾಗಿದೆ. ಕುದುರೆಯನ್ನು ಒಂದೇ ಹಾದಿಯಲ್ಲಿ ನಾಲ್ಕು ಸಲ ನಡೆಸಬೇಕು. ಕೊನೆಯ ಸಲಕ್ಕೆ ಮೊದಲು, ಈಗ ಹಾದಿಯಲ್ಲಿ ಕೊಡೆಯೊಂದನ್ನು ತಟ್ಟನೆ ಬಿಚ್ಚುತ್ತೇವೆ ಎಂದು ಸವಾರರಿಗೆ ಹೇಳಿದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಸವಾರರ ಎದೆಬಡಿತ ಏರಿತು, ಕೊಡೆಯ ಸುದ್ದಿಯನ್ನೇ ಅರಿಯದ ಕುದುರೆಗಳ ಎದೆಬಡಿತವೂ ಏರಿತು. ಇದನ್ನು ಓದಿದ ದಿನ ನನಗೆ ನೀಲಿ ಟಾರ್ಪಾಲು ನೆನಪಾಯಿತು. ಅಂದು ಅದನ್ನು ಮೊದಲು ಕಂಡವರು ಯಾರು, ಕುದುರೆಯೋ ನಾನೋ?

ಮತ್ತೆ ಹೋಗಲೇಬೇಕೇ ಎಂಬ ಪ್ರಶ್ನೆಯನ್ನು ನನ್ನ ಹೆಂಡತಿ ಎತ್ತಿದಳು. ‘ಬೀಳೋರು ನೀವು, ಆಸ್ಪತ್ರೆ ಬೆಂಚಿನ ಮೇಲೆ ಕೂತು ಕಾಯೋಳು ನಾನು’ ಎಂದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಸವಾರಿ ಬಿಟ್ಟವರೆಲ್ಲ ಹೇಡಿಗಳೆಂದು ನಾನು ಎಣಿಸುವುದಿಲ್ಲ. ವಯಸ್ಸು, ಮನೆಯ ಹೊಣೆ ಇವನ್ನು ತೂಗಿ ಸಾಕು ಎಂದವನ ಮಾತಿಗೆ ಎದುರಿಲ್ಲ. ನಾನು ಮಾತ್ರ ಏನನ್ನೂ ತೂಗಿರಲಿಲ್ಲ, ನೆವಗಳನ್ನು ಹೇಳುತ್ತಿದ್ದೆ. ಲಾಯದ ಬಾಗಿಲಿಂದ ಹಿಂದಿರುಗಿದ ಸಂಗತಿಯನ್ನು ಅಂದು ಅವಳಿಗೆ ಹೇಳಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದು, ‘ಹಾಗಾದರೆ ಹೋಗಿ ಬನ್ನಿ. ಆದರೆ ಹೊಸ ಟೋಪಿ ಕೊಂಡ ಮೇಲೆ’ ಎಂದಳು.

ಬಿದ್ದು ಹತ್ತು ತಿಂಗಳಾದ ಮೇಲೆ ದಫೇದಾರರ ಮುಂದೆ ಹೋಗಿ ನಿಂತೆ. ನನಗೆ ಭಯವಾಗಿದೆ ಎಂಬ ಮೂರು ಪದಗಳನ್ನು ಹೇಳಲು ಕುದುರೆಯನ್ನೇರುವುದಕ್ಕಿಂತ ಹೆಚ್ಚು ಧೈರ್ಯ ಬೇಕಾಯಿತು. ಅವರು ಆಶ್ಚರ್ಯಪಡಲಿಲ್ಲ. ‘ಭಯ ಆಗ್ದೆ ಇದ್ದಿದ್ರೆ ನಾನು ನಿಮ್ಮನ್ನ ಹತ್ತಿಸ್ತಿರಲಿಲ್ಲ ಮೇಷ್ಟ್ರೇ. ಇವತ್ತು ಸವಾರಿ ಇಲ್ಲ. ಮೈ ಉಜ್ಜಿ ಹೋಗಿ’ ಎಂದು ಕೈಗೆ ಬ್ರಷ್ಷನ್ನು ಕೊಟ್ಟರು.

ಅವರು ಮಾಡಿಸಿದ್ದು ಏನೆಂದು ಆಮೇಲೆ ಪುಸ್ತಕಗಳಲ್ಲಿ ಕಂಡೆ. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬ ವಿದುಷಿ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಮೂರು ವರ್ಷದ ಮಗುವಿನ ಭಯವನ್ನು ಬಿಡಿಸಿದ ಬಗೆಯನ್ನು ವರದಿಮಾಡಿದರು. ಮಗು ತನಗೆ ಇಷ್ಟವಾದ ತಿನಿಸನ್ನು ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ಕ್ರಮೇಣ ಹತ್ತಿರ ತಂದು, ಕೊನೆಗೆ ಅದನ್ನು ಮುಟ್ಟಿ ಆಡುವಂತೆ ಮಾಡಿದರು. 1958ರಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಇದನ್ನೇ ದೊಡ್ಡವರಿಗೆ ಹೊಂದುವ ಚಿಕಿತ್ಸಾಕ್ರಮವಾಗಿ ಗ್ರಂಥರೂಪದಲ್ಲಿ ವಿವರಿಸಿದ. ಭಯವನ್ನು ಮೆಟ್ಟಿಲುಗಳಾಗಿ ಒಡೆಯುವುದು, ಒಂದು ಮೆಟ್ಟಿಲಲ್ಲಿ ಮೈ ಸಡಿಲವಾಗುವ ತನಕ ಮುಂದಿನದಕ್ಕೆ ಕಾಲಿಡದಿರುವುದು, ಇದೇ ಅದರ ಗುಟ್ಟು. ದಫೇದಾರರು ಈ ಇಬ್ಬರ ಹೆಸರನ್ನೂ ಕೇಳಿದವರಲ್ಲ.

ಎರಡು ವಾರ ಬರೀ ಮೈ ಉಜ್ಜುವುದು, ಜೂಲು ಬಾಚುವುದು, ಗೊರಸಿನ ಮಣ್ಣು ತೆಗೆಯುವುದು. ಆಮೇಲೆ ಲಗಾಮು ಹಿಡಿದು ಪಕ್ಕದಲ್ಲಿ ನಡೆಯುವುದು. ಆಮೇಲೆ ಹತ್ತಿ, ಕುಳಿತು, ಒಂದು ಹೆಜ್ಜೆಯೂ ನಡೆಸದೆ ಇಳಿಯುವುದು. ಒಂದೇ ಬೆಳಗ್ಗೆ ಇಪ್ಪತ್ತು ಸಲ ಹೀಗೆ. ಎಂಟು ವರ್ಷದ ಮಕ್ಕಳು ಪಕ್ಕದಲ್ಲಿ ಓಡಿಸಿಕೊಂಡು ಹೋಗುತ್ತಿರುವಾಗ ಐವತ್ಮೂರರ ಮೇಷ್ಟ್ರು ಹತ್ತಿ ಇಳಿಯುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಆಮೇಲೆ ದಫೇದಾರರು ಉದ್ದ ಹಗ್ಗದ ತುದಿಯನ್ನು ತಾವು ಹಿಡಿದು ಕುದುರೆಯನ್ನು ಸುತ್ತಲೂ ನಡೆಸಿದರು. ಲಗಾಮು ನನ್ನ ಕೈಯಲ್ಲಿರಲಿಲ್ಲ. ಆದ್ದರಿಂದ ಎಳೆಯುವ ಪಾಪವೂ ಇರಲಿಲ್ಲ.

ಉಸಿರು ಕಟ್ಟದಿರಲು ಅವರು ಒಂದು ಉಪಾಯ ಹೇಳಿದರು: ಬಾಯಿಬಿಟ್ಟು ಏನಾದರೂ ಹೇಳುತ್ತಿರಿ, ಮಾತಾಡುವವನಿಗೆ ಉಸಿರು ಕಟ್ಟಲಾಗದು. ಮೊದಲು ಮಗ್ಗಿ ಹೇಳಿದೆ. ಆಮೇಲೆ ಕುಮಾರವ್ಯಾಸನನ್ನು ಹಿಡಿದೆ; ಅದು ಹೊಂದಲಿಲ್ಲ. ಭಾಮಿನಿಯದು ಮೂರೂ ನಾಲ್ಕೂ ಕೂಡಿದ ನಡೆ, ಕುದುರೆಯ ನಡಿಗೆಯಾದರೋ ನಾಲ್ಕು ಪೆಟ್ಟಿನದು. ನಾಲ್ಕು ಮಾತ್ರೆಯ ಗಣಗಳಿಂದಾದ ಶರ ಷಟ್ಪದಿಯನ್ನು ಹಿಡಿದಾಗ ಗೊರಸಿನ ಸದ್ದೂ ಪದ್ಯದ ತಾಳವೂ ಕೂಡಿಕೊಂಡು, ಎರಡು ಸುತ್ತು ಮುಗಿದದ್ದೇ ತಿಳಿಯಲಿಲ್ಲ. ಮುಂದೆ ಕ್ಯಾಂಟರಿಗೆ ಏರಿದಾಗ ಅದರ ಮೂರು ಪೆಟ್ಟಿಗೆ ಭೋಗ ಷಟ್ಪದಿ ಒದಗಿಬಂದಿತು. ಛಂದಸ್ಸಿನ ಪಾಠ ಹೇಳಿ ಮೂವತ್ತು ವರ್ಷ ಸಂಪಾದಿಸಿದ್ದಕ್ಕಿಂತ ಹೆಚ್ಚಿನ ಲಾಭ ಅಂದಾಯಿತು.

ಆ ದಿನಗಳಲ್ಲಿಯೇ ಡೆನ್ಮಾರ್ಕಿನ ಲಿಸ್ ಹಾರ್ಟೆಲ್ ಎಂಬಾಕೆಯ ಕಥೆಯನ್ನು ಓದಿದೆ. 1944ರಲ್ಲಿ ಪೋಲಿಯೋ ತಗುಲಿ ಮೊಣಕಾಲಿನ ಕೆಳಗೆ ಸ್ವಾಧೀನ ತಪ್ಪಿತು. ಕುದುರೆಗೆ ಹತ್ತಿಸಲೂ ಇಳಿಸಲೂ ಬೇರೆಯವರು ಬೇಕು. ಅಂಥವಳು 1952ರ ಹೆಲ್ಸಿಂಕಿ ಒಲಿಂಪಿಕ್ಸಿನಲ್ಲಿ ಗಂಡಸರೊಡನೆ ಸ್ಪರ್ಧಿಸಿ ಬೆಳ್ಳಿಯ ಪದಕ ಗೆದ್ದಳು, 1956ರಲ್ಲಿ ಮತ್ತೊಮ್ಮೆ ಗೆದ್ದಳು. ಇಂಥ ಕಥೆಗಳು ಅಂಜಿದವನಿಗೆ ಸಾಮಾನ್ಯವಾಗಿ ನಾಚಿಕೆಯನ್ನಲ್ಲದೆ ಬೇರೇನನ್ನೂ ಕೊಡುವುದಿಲ್ಲ. ಆದರೆ ಆಕೆ ಕಾಲಿನ ಕೆಲಸವನ್ನು ಬೆನ್ನಿನಿಂದಲೂ ಮೈಭಾರದಿಂದಲೂ ಮಾಡಿಸಿದಳೆಂಬ ವಿವರ ನನಗೆ ಉಪಯೋಗಕ್ಕೆ ಬಂದಿತು. ಮೊಣಕಾಲಿನ ಬಿಗಿಹಿಡಿತವಿಲ್ಲದೆಯೂ ಕುಳಿತಿರಬಹುದು ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕೇ?

ನಾಲ್ಕು ತಿಂಗಳಲ್ಲಿ ಭಯ ಹೋಯಿತೆಂದುಕೊಂಡೆ. ನಡುವೆ ಇಪ್ಪತ್ತು ದಿನ ಊರಿಗೆ ಹೋಗಿಬಂದು ಜೀನು ಹಾಕಿದರೆ ಅಂಗೈ ಹಿಂದಿನಂತೆಯೇ ಬೆವರಿತು. ಇದೂ ಪಾವ್ಲೋವ್ ಕಂಡ ಸಂಗತಿಯೇ. ಅಳಿಸಿಹೋಯಿತೆಂದುಕೊಂಡ ಕಲಿಕೆ ಬಿಡುವು ಸಿಕ್ಕರೆ ತಾನಾಗಿ ತಲೆಯೆತ್ತುತ್ತದೆ. ಹಳೆಯ ಪಾಠ ಅಳಿಯುವುದಿಲ್ಲ. ಅದರ ಪಕ್ಕದಲ್ಲಿ ಹೊಸ ಪಾಠವೊಂದು ಬರೆದಿರುತ್ತದೆ, ಅಷ್ಟೆ. ಒಂದು ಕುದುರೆಯ ಮೇಲೆ ಕಲಿತ ಧೈರ್ಯ ಇನ್ನೊಂದರ ಮೇಲೆ ಒದಗದಿರುವುದೂ ಇದರಿಂದಲೇ. ದಫೇದಾರರು ಕುದುರೆ ಬದಲಿಸಿದರು, ಹೊತ್ತು ಬದಲಿಸಿದರು, ಅಂಗಳ ಬಿಟ್ಟು ಕೆರೆಯ ಏರಿಯ ಮೇಲೆ ಕರೆದೊಯ್ದರು. ಕಂದು ಕುದುರೆಯನ್ನು ಮಾತ್ರ ಕೊನೆಗೆ ಉಳಿಸಿಕೊಂಡಿದ್ದರು.

2018ರ ಫೆಬ್ರವರಿಯಲ್ಲಿ ಅದನ್ನೇರಿ ಈಶಾನ್ಯದ ಮೂಲೆಗೆ ಹೋದೆ. ಟಾರ್ಪಾಲನ್ನು ಮತ್ತೆ ಹೊದಿಸಿದ್ದರು. ದಫೇದಾರರೇ ಹೊದಿಸಿದ್ದರೆಂದು ನನ್ನ ಗುಮಾನಿ. ಅದು ಪಟಪಟ ಎಂದಿತು, ಕುದುರೆ ಎಡಕ್ಕೆ ಸರಿಯಿತು. ನಾನೂ ಅದರೊಡನೆ ಸರಿದೆ. ಪದ್ಯ ಅರ್ಧಕ್ಕೆ ನಿಂತುಹೋಗಿತ್ತು. ಮುಂದಿನ ಸುತ್ತಿನಲ್ಲಿ ಮುಗಿಸಿದೆ. ಇಳಿದಾಗ ಮೊಣಕಾಲುಗಳು ನಡುಗುತ್ತಿದ್ದವು. ಹೊಗಳಿಕೆಯ ಒಂದು ಮಾತನ್ನು ನಿರೀಕ್ಷಿಸಿ ದಫೇದಾರರ ಕಡೆ ನೋಡಿದೆ.

‘ಜೀನು ಬಿಚ್ಚಿ ಮೇಷ್ಟ್ರೇ. ಮೈ ಆರ್ಲಿ, ಆಮೇಲೆ ನೀರು ತೋರ್ಸಿ’ ಎಂದು ಅವರು ಹುರುಳಿ ನೋಡಲು ಹೋದರು.