ತಾಯಿಯಿಲ್ಲದ ನಾಯಿಮರಿಗಳ ಪೋಷಣೆ

ನಾಯಿಯನ್ನು ಸಾಕಬಯಸುವವರು ಎಲ್ಲಕ್ಕಿಂತ ಮೊದಲು ಕೇಳುವುದು ಅದರ ಜಾತಿಯನ್ನು. ಬೆರಕೆ ಜಾತಿಯ ಬೀದಿಮರಿಯು ಎಷ್ಟು ಸಾಕಿದರೂ ಬೀದಿಯ ಗುಣವನ್ನು ಬಿಡಲಾರದೆಂಬ ಮಾತು ನಮ್ಮ ಜನರಲ್ಲಿ ರೂಢವಾಗಿದೆ. ಜಾತಿಯ ಪ್ರಭಾವವು ಸ್ವಲ್ಪವೂ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮರಿಯು ಮನುಷ್ಯರೊಡನೆ ಬಾಳಲು ಯೋಗ್ಯವಾಗುವುದೋ ಇಲ್ಲವೋ ಎಂಬುದು, ಅದು ತನ್ನ ಮೊದಲ ಮೂರು ತಿಂಗಳುಗಳನ್ನು ಹೇಗೆ ಕಳೆಯಿತೆಂಬುದನ್ನು ಬಹಳವಾಗಿ ಹೊಂದಿಕೊಂಡಿದೆ. ತಾಯಿಯನ್ನು ಕಳೆದುಕೊಂಡು ಪ್ರಾಣಿಗಳ ಆಶ್ರಯಕ್ಕೆ ಬಂದ ಮರಿಗಳನ್ನು ಕೆಲವು ವಾರಗಳ ಮಟ್ಟಿಗೆ ಮನೆಗಳಲ್ಲಿ ಸಾಕಲು ಕೊಡುವುದಕ್ಕೆ ಇದು ಒಂದು ಮುಖ್ಯ ಕಾರಣ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿಯೂ ತಾಯಿತಂದೆಗಳಲ್ಲಿಯೂ ಈ ಕಾರ್ಯಕ್ಕೆ ಕೈಹಾಕುವವರಿಗೆ ಉಪಯೋಗವಾಗಲೆಂದು ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸುತ್ತೇವೆ.

ಮೊದಲು ಪ್ರಾಣವನ್ನು ಉಳಿಸತಕ್ಕದ್ದು. ಪಶ್ಚಿಮ ಬಂಗಾಳದಲ್ಲಿ ವಿಜ್ಞಾನಿಗಳು ಬೀದಿನಾಯಿಗಳ ೩೬೪ ಮರಿಗಳನ್ನು ಗಮನಿಸಿ ೨೦೧೬ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಏಳನೆಯ ತಿಂಗಳಿನ ತನಕ ಬದುಕಿದವು ನೂರಕ್ಕೆ ಹತ್ತೊಂಬತ್ತು ಮಾತ್ರ. ತಾಯಿಯೂ ಇಲ್ಲದಿದ್ದರೆ ಅಪಾಯವು ಮತ್ತಷ್ಟು ಹೆಚ್ಚು. ಎಳೆಯ ಮರಿಗೆ ಮೊದಲನೆಯ ವಾರದಲ್ಲಿ ಚಳಿಯಿಂದ ನಡುಗುವ ಶಕ್ತಿ ಸಹ ಇರುವುದಿಲ್ಲ. ಆದುದರಿಂದ ಅದರ ಪೆಟ್ಟಿಗೆಯನ್ನು ಆ ವಾರ ೮೫ರಿಂದ ೯೦ ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿಟ್ಟು ಮುಂದೆ ಮೆಲ್ಲಮೆಲ್ಲನೆ ತಗ್ಗಿಸಬೇಕು. ಸೆಕೆಯಾದರೆ ಅತ್ತ ಸರಿಯುವಂತೆ ಒಂದು ಮೂಲೆಯು ತಂಪಾಗಿರಲಿ. ಮೈ ತಣ್ಣಗಾದ ಮರಿಗೆ ಒಡನೆ ಹಾಲು ಕುಡಿಸಲೇ ಬಾರದು. ಅದರ ಕರುಳು ಜೀರ್ಣಿಸಲಾರದು. ಮೊದಲು ಮೈ ಬೆಚ್ಚಗಾಗಲಿ.

ಹಸುವಿನ ಹಾಲು ಇವಕ್ಕೆ ಸಾಲದು. ಯಾಕಂದರೆ ನಾಯಿಯ ಹಾಲಿನಲ್ಲಿ ಸಸಾರಜನಕ ಪದಾರ್ಥವೂ ಕೊಬ್ಬೂ ಅದರ ಎರಡರಷ್ಟಕ್ಕೂ ಮಿಕ್ಕಿವೆ, ಸಕ್ಕರೆಯ ಅಂಶವು ಕಡಮೆ. ನಾಯಿಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಕದಡಿ, ಎರಡು ಮೂರು ಗಂಟೆಗೊಮ್ಮೆ, ರಾತ್ರಿಯಲ್ಲಿಯೂ ಕೊಡಬೇಕು. ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುವ ಭಯವುಂಟು. ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸತಕ್ಕದ್ದು. ತಾಯಿಯು ನೆಕ್ಕಿ ಮಾಡಿಸುವ ಮಲಮೂತ್ರ ವಿಸರ್ಜನೆಯನ್ನು ಮೊದಲ ಮೂರು ವಾರ ನಾವು ಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರಸಿ ಮಾಡಿಸಬೇಕು.

ಎರಡನೆಯ ವಾರದಲ್ಲಿ ಕಣ್ಣು, ಅದರ ಹಿಂದೆಯೇ ಕಿವಿ ತೆರೆಯುತ್ತವೆ. ಮೂರನೆಯ ವಾರದಿಂದ ಸುಮಾರು ಹದಿನಾಲ್ಕನೆಯ ವಾರದ ತನಕ ಇರುವ ಕಾಲವೇ ಮರಿಯ ಶಿಕ್ಷಣದ ಕಾಲ. ಇದನ್ನು ಅಮೆರಿಕದ ಮೇನ್ ಸಂಸ್ಥಾನದ ಬಾರ್ ಹಾರ್ಬರ್‌ನಲ್ಲಿ ಫ್ರೀಡ್‌ಮನ್, ಕಿಂಗ್, ಎಲಿಯಟ್ ಎಂಬ ವಿದ್ವಾಂಸರು ಪರೀಕ್ಷಿಸಿ ೧೯೬೧ರಲ್ಲಿ ಪ್ರಕಟಿಸಿದರು. ಎತ್ತರವಾದ ಬೇಲಿಯೊಳಗೆ ಮನುಷ್ಯರ ಸಂಪರ್ಕವಿಲ್ಲದೆ ಬೆಳೆದ ಮರಿಗಳಲ್ಲಿ ಕೆಲವನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮಾತ್ರ ಹೊರತಂದು ಆಡಿಸಿದರು. ಹದಿನಾಲ್ಕು ವಾರಗಳ ತನಕ ಮನುಷ್ಯರೊಡನೆ ಆಡದೆ ಇದ್ದವು ಕಾಡುಮೃಗಗಳಂತೆ ಬೆದರಿ ಓಡಿದವು. ಇವು ಬೆರಕೆ ಮರಿಗಳಲ್ಲ; ಒಳ್ಳೆಯ ಜಾತಿಯವೆನಿಸಿದ ಕಾಕರ್ ಸ್ಪ್ಯಾನಿಯಲ್ ಮತ್ತು ಬೀಗಲ್ ಮರಿಗಳು!

ಹಾಗಾದರೆ ಕಲಿಸುವ ಬಗೆ ಹೇಗೆ? ದಿನವೂ ಸ್ವಲ್ಪ ಹೊತ್ತು ಮರಿಯನ್ನು ಮೃದುವಾಗಿ ಹಿಡಿದು ಕಾಲು, ಕಿವಿ, ಬಾಯಿಗಳನ್ನು ಮುಟ್ಟಬೇಕು. ಗಂಡಸರು, ಹೆಂಗಸರು, ಮಕ್ಕಳು, ಮುದುಕರು ಎಲ್ಲರ ಪರಿಚಯವೂ ಆಗಲಿ. ಪಾತ್ರೆಗಳ ಸದ್ದು, ಛತ್ರಿ, ಮೋಟಾರುಗಾಡಿ ಇವುಗಳನ್ನು ದೂರದಿಂದ ತೋರಿಸಿ, ತಿಂಡಿಯನ್ನು ಕೊಟ್ಟು, ಮೆಲ್ಲನೆ ಹತ್ತಿರಕ್ಕೆ ತರಬೇಕು. ಹೆದರಿದ ಮರಿಯನ್ನು ಬಲವಂತವಾಗಿ ಎಳೆಯಬಾರದು, ಹೊಡೆಯಲಂತೂ ಬಾರದು. ಒಂದೇ ಸೂಲಿನ ಮರಿಗಳನ್ನು ಎಂಟು ವಾರಗಳ ತನಕ ಅಗಲಿಸದಿರುವುದು ಉತ್ತಮ. ಯಾಕಂದರೆ ಎಷ್ಟು ಕಚ್ಚಿದರೆ ನೋಯುವುದೆಂಬುದನ್ನು ಅವು ಒಂದರಿಂದೊಂದು ಕಲಿಯುತ್ತವೆ.

ಚುಚ್ಚುಮದ್ದು ಪೂರ್ತಿಯಾಗದೆ ಮರಿಯನ್ನು ಹೊರಗೆ ತರಬಹುದೇ ಎಂದು ಕೆಲವರು ಕೇಳುವರು. ಪಾರ್ವೋ, ಡಿಸ್ಟೆಂಪರ್ ರೋಗಗಳ ಚುಚ್ಚುಮದ್ದು ಆರರಿಂದ ಎಂಟನೆಯ ವಾರದಲ್ಲಿ ಆರಂಭವಾಗಿ ಹದಿನಾರನೆಯ ವಾರದ ತನಕ ಮುಂದುವರಿಯುತ್ತದೆ. ಅಷ್ಟು ಕಾಲ ಕಾದರೆ ಕಲಿಯುವ ಕಾಲವೇ ಮುಗಿದುಹೋಗುವುದು. ಆದುದರಿಂದ ಮರಿಯನ್ನು ಎತ್ತಿಕೊಂಡೇ ಲೋಕವನ್ನು ತೋರಿಸಬೇಕು. ಗುರುತಿಲ್ಲದ ನಾಯಿಗಳು ಓಡಾಡುವ ನೆಲದಲ್ಲಿ ಇಳಿಸಬಾರದು. ರೇಬೀಸ್ ಚುಚ್ಚುಮದ್ದನ್ನು ಮೂರನೆಯ ತಿಂಗಳಿನಲ್ಲಿ ಹಾಕಿಸತಕ್ಕದ್ದು. ಎಳೆಯ ಮರಿಗೂ ಆ ರೋಗವಿರಬಹುದೆಂಬುದನ್ನು ತಾಯಂದಿರು ಮರೆಯಬಾರದು. ಮಕ್ಕಳನ್ನು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಸಾಬೂನು ನೀರಿನಿಂದ ಹದಿನೈದು ನಿಮಿಷ ತೊಳೆದು, ಅಂದೇ ವೈದ್ಯರ ಬಳಿಗೆ ಕರೆದೊಯ್ಯಬೇಕು.

ಕಡೆಗೆ ಎಲ್ಲಕ್ಕಿಂತ ಕಠಿನವಾದ ಕೆಲಸವೊಂದುಂಟು. ಅದೇನಂದರೆ ಸಾಕಿದ ಮರಿಯನ್ನು ಬಿಟ್ಟುಕೊಡುವುದು. ಮಕ್ಕಳು ಅಳುವರು, ದೊಡ್ಡವರಿಗೂ ಮನಸ್ಸು ಬಾರದು. ಆದರೆ ಮರಿಯು ಗುರುತಿಲ್ಲದವರ ಮನೆಯಲ್ಲಿ ಬಾಲವಾಡಿಸುತ್ತ ನಿಂತರೆ ನಮ್ಮ ಪೋಷಣೆಯು ಸಾರ್ಥಕವಾಯಿತೆಂದು ತಿಳಿಯಬೇಕು; ತೆರವಾದ ಪೆಟ್ಟಿಗೆಯಲ್ಲಿ ಇನ್ನೊಂದು ಮರಿಗೆ ಸ್ಥಳವೂ ದೊರೆಯುವುದು.